ದೀಪಾವಳಿಯ ಮಣೆಗೆ ಬೇಸಿಗೆಯ ಕಟ್ಟಿಗೆ

ನಮ್ಮ ಬಾಗಲಕೋಟೆಯ ಕಡೆ ಕೊಡುವ-ಕೊಳ್ಳುವ ಹಂಗಾಮು ನಾಗರ ಪಂಚಮಿಗೆ ಶುರುವಾಗಿ ಸಂಕ್ರಾಂತಿಯ ಕುಸುರೆಳ್ಳಿನವರೆಗೆ ನಡೆಯುತ್ತದೆ. ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳು, ದಸರೆಯಲ್ಲಿ ಬನ್ನಿ ಕೊಡಲು ಬರುವ ಬಳಗ, ದೀಪಾವಳಿಯ ಪಾಡ್ಯಕ್ಕೆ ಆರತಿ ಬೆಳಗುವ ಅಕ್ಕತಂಗಿಯರು, ಮೊದಲ ಹಬ್ಬಕ್ಕೆ ಕರೆಸಿಕೊಂಡ ಅಳಿಯ, ಇವರೆಲ್ಲರಿಗೂ ಏನಾದರೊಂದು ಕೊಡಬೇಕಾಗುತ್ತದೆ. ಆರತಿಯ ತಾಟಿಗೆ ನೋಟು ಹಾಕುವುದು ಸುಲಭ, ನಾನೂ ಹಾಕುತ್ತೇನೆ. ಆದರೆ ಅದರ ಜೊತೆಗೆ ನಾನೇ ಕೂತು ಮಾಡಿದ ಕಟ್ಟಿಗೆಯ ವಸ್ತುವೊಂದನ್ನು ಇಡುವ ರೂಢಿ ನನ್ನದು. ವಾರವಿಡೀ ಬ್ಯಾಂಕಿನಲ್ಲಿ ಕೆಲಸ ಮಾಡಿ, ರವಿವಾರ ನವನಗರದ ಮನೆಯ ಹಿತ್ತಿಲಲ್ಲಿ ರಂದಾ ಹಿಡಿಯುವವನು ನಾನು. ದಸರೆ ಹತ್ತಿರವಾದಾಗಲೆಲ್ಲ ಗೆಳೆಯರು ಅದೇ ಪ್ರಶ್ನೆಗಳನ್ನು ಕೇಳುತ್ತಾರೆ: ಏನು ಮಾಡುವುದು, ಯಾವ ಕಟ್ಟಿಗೆ ತರುವುದು, ಮೇಲೆ ಏನು ಹಚ್ಚುವುದು. ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಕಟ್ಟಿಗೆಯ ಉಡುಗೊರೆಯ ಕೆಲಸ ಬೇಸಿಗೆಯಲ್ಲೇ ಶುರುವಾಗಬೇಕು, ಮಾಡಿದ ವಸ್ತು ಅಡುಗೆಮನೆಗೋ ಮಕ್ಕಳ ಕೈಗೋ ಹೋಗಿ ದಿನಬಳಕೆಗೆ ಬೀಳುವಂತಿರಬೇಕು ಎಂಬುದೇ ಆ ಉತ್ತರ.

ಬೇಸಿಗೆಯ ಮಾತು ಏಕೆಂದರೆ, ಹಸಿ ಮರದಲ್ಲಿ ಅದರ ಒಣ ತೂಕದ ಅರ್ಧಕ್ಕಿಂತಲೂ ಹೆಚ್ಚು ನೀರಿರುತ್ತದೆ. ನಮ್ಮ ಒಣ ಸೀಮೆಯ ಮನೆಯೊಳಗೆ ಇಡುವ ವಸ್ತುವಿಗೆ ಆ ನೀರು ಶೇಕಡಾ 8ರಿಂದ 10ರ ಮಟ್ಟಕ್ಕೆ ಇಳಿದಿರಬೇಕು. ನೆರಳಿನಲ್ಲಿ ಗಾಳಿಗೆ ಒಣಗಿಸುವ ಹಲಗೆಗೆ ದಪ್ಪದ ಒಂದೊಂದು ಇಂಚಿಗೂ ಒಂದೊಂದು ವರ್ಷ ಬೇಕೆಂಬ ಹಳೆಯ ಲೆಕ್ಕವಿದೆ. ನಮ್ಮ ಮಾರ್ಚ್‌-ಮೇ ತಿಂಗಳ ಬಿಸಿಲಿನ ನಾಡಿನಲ್ಲಿ ಅದು ಸ್ವಲ್ಪ ಬೇಗವೇ ಆಗುತ್ತದೆ, ಆದರೆ ನೇರ ಬಿಸಿಲಿಗೆ ಇಟ್ಟರೆ ಮೇಲ್ಮೈ ಮೊದಲು ಒಣಗಿ ಸೀಳುತ್ತದೆ. ನೀರು ಹಲಗೆಯ ಮೈಯಿಂದ ಹೊರಡುವುದಕ್ಕಿಂತ ಹಲವು ಪಟ್ಟು ವೇಗವಾಗಿ ಅದರ ಎರಡು ತುದಿಗಳಿಂದ ಹೊರಡುವುದರಿಂದ, ತುದಿಗಳಿಗೆ ಮೇಣವನ್ನೋ ಉಳಿದ ಬಣ್ಣವನ್ನೋ ಬಳಿದು, ಹಲಗೆಗಳ ನಡುವೆ ಸಣ್ಣ ಪಟ್ಟಿಗಳನ್ನು ಇಟ್ಟು, ಗಾಳಿ ಆಡುವಂತೆ ಒಟ್ಟಬೇಕು. ಒಣಗಿತೋ ಇಲ್ಲವೋ ಎಂದು ತಿಳಿಯಲು ತೇವ ಅಳೆಯುವ ಯಂತ್ರವೇ ಬೇಕೆಂದಿಲ್ಲ, ಅಡುಗೆಮನೆಯ ತಕ್ಕಡಿ ಸಾಕು. ತುಂಡನ್ನು ತೂಗಿ, ತೂಕವನ್ನೂ ತಾರೀಖನ್ನೂ ಅದರ ಮೈಮೇಲೆಯೇ ಸೀಸಕಡ್ಡಿಯಿಂದ ಬರೆದಿಟ್ಟು, ಕೆಲವು ವಾರ ಬಿಟ್ಟು ಮತ್ತೆ ತೂಗಬೇಕು. ತೂಕ ಇಳಿಯುವುದು ನಿಂತ ಮೇಲೆ ಅದು ಕೆಲಸಕ್ಕೆ ಬಂತೆಂದು ತಿಳಿಯಬೇಕು. ಅವಸರ ಮಾಡಿದಾಗಲೆಲ್ಲ ನಮ್ಮ ಓಣಿಯ ಬಡಿಗೇರ ಕಾಕಾ ಹೇಳುವ ಮಾತೊಂದಿದೆ: “ಹಬ್ಬ ಬಂತಂತ ಕಟ್ಟಿಗಿಗೇನ ಗೊತ್ತ್ರೀ ಸಾಹೇಬ್ರ, ಅದು ತನ್ನ ಪಾಡಿಗೆ ತಾ ಒಣಗತೈತಿ.”

ಉಡುಗೊರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಗಾವಿಯಲ್ಲಿ ನಮ್ಮೂರಿನ ಎರಡು ಪಟ್ಟಿಗೂ ಹೆಚ್ಚು ಮಳೆ ಬೀಳುತ್ತದೆ, ಖಾನಾಪುರದ ಕಡೆ ಇನ್ನೂ ಜಾಸ್ತಿ. ಇಲ್ಲಿ ಖಡಕ್ಕಾಗಿ ಒಣಗಿದ ಹಲಗೆ ಅಲ್ಲಿಯ ಆಷಾಢದ ಗಾಳಿಯಲ್ಲಿ ತೇವ ಹೀರಿ ಹಿಗ್ಗುತ್ತದೆ. ಹಿಗ್ಗುವುದು ಅಗಲದಲ್ಲಿ ಮಾತ್ರ, ಉದ್ದದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಗಲದಲ್ಲಿಯೂ ಮರದ ವರ್ಷದ ಉಂಗುರಗಳ ಗುಂಟ ಆಗುವ ಹಿಗ್ಗು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಆಗುವುದಕ್ಕಿಂತ ಸುಮಾರು ಎರಡರಷ್ಟು. ಎಂಟು ಇಂಚು ಅಗಲದ ಸಾಗವಾನಿ ಮುಚ್ಚಳ ಹೀಗೆ ಒಂದೂವರೆ ಮಿಲಿಮೀಟರಿನಷ್ಟು ಬೆಳೆಯಬಹುದು. ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡಿಸಿದ ಪೆಟ್ಟಿಗೆ ಬೆಳಗಾವಿಯ ತಂಗಿಯ ಮನೆಯಲ್ಲಿ ಜುಲೈ ತಿಂಗಳಲ್ಲಿ ತೆರೆಯದೆ ಕೂತರೆ, ಅದರ ಕಾರಣ ಇಷ್ಟೇ.

ಇನ್ನು ಕಟ್ಟಿಗೆಯ ವಿಷಯ. ಒಣಗಿಸಲು ಪುರುಸೊತ್ತಿಲ್ಲದವರಿಗೆ ನಮ್ಮ ಜಿಲ್ಲೆಯಲ್ಲಿ ಒಂದು ಅನುಕೂಲವಿದೆ, ಅದು ಬಂದದ್ದು ಮಾತ್ರ ದುಃಖದ ದಾರಿಯಿಂದ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಬಹುಭಾಗವನ್ನೂ ಸುತ್ತಲಿನ ಎಷ್ಟೋ ಹಳ್ಳಿಗಳನ್ನೂ ತೆಗೆದುಕೊಂಡಿತು; ನಾನಿರುವ ನವನಗರ ಹುಟ್ಟಿದ್ದೇ ಆ ಮುಳುಗಡೆಯಿಂದ. ಮನೆ ಬಿಚ್ಚಿದವರು ತೊಲೆ, ಜಂತಿ, ಕಂಬ, ಬಾಗಿಲ ಚೌಕಟ್ಟುಗಳನ್ನು ನೀರಿಗೆ ಬಿಡದೆ ಎತ್ತಿ ತಂದರು. ಕೆಲವು ಹೊಸ ಮನೆಗೆ ಸೇರಿದವು, ಕೆಲವು ಮಾರಾಟಕ್ಕೆ ಹೋದವು, ಇನ್ನು ಕೆಲವು ಇಂದಿಗೂ ದನದ ಕೊಟ್ಟಿಗೆಯ ಮಾಡಿಗೆ ಆಸರೆಯಾಗಿ ನಿಂತಿವೆ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿರುವುದರಿಂದ, ಬಿಚ್ಚುವ ಮನೆಗಳ ಕಥೆ ಇನ್ನೂ ಮುಗಿದಂತಿಲ್ಲ. ಈ ಮೇಲ್ಮುದ್ದೆಯ, ಎಂದರೆ ಮಣ್ಣಿನ ಮಾಳಿಗೆಯ, ಮನೆಗಳ ಕಟ್ಟಿಗೆ ಹಲವು ದಶಕ ಚಾವಣಿಯ ಅಡಿಯಲ್ಲಿ ಕೂತು ಒಣಗಿದ್ದು. ಹಳೆಯ ಕಟ್ಟಿಗೆ ಮಾರುವವರಲ್ಲಿ ಒಂದು ಗೇಣು, ಎರಡು ಗೇಣು ಉದ್ದದ ತುಂಡುಗಳು ಸೌದೆಯ ದರಕ್ಕಿಂತ ತುಸು ಹೆಚ್ಚಿಗೆ ಸಿಗುತ್ತವೆ, ಉಡುಗೊರೆಗೆ ಬೇಕಾದದ್ದೂ ಅಷ್ಟೇ ಉದ್ದ. ಅಣ್ಣತಮ್ಮಂದಿರು ಹಂಚಿಕೊಂಡ ಮನೆಯ ಒಂದೇ ತೊಲೆಯಿಂದ ಎಲ್ಲ ಮನೆಗೂ ಒಂದೊಂದು ಮಣೆ ಮಾಡಿಕೊಟ್ಟರೆ, ಅದಕ್ಕಿಂತ ದೊಡ್ಡ ಕೊಡುಗೆ ಯಾವ ಅಂಗಡಿಯಲ್ಲಿಯೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಕಟ್ಟಿಗೆಯನ್ನು ಕಣ್ಣುಮುಚ್ಚಿ ತರುವಂತಿಲ್ಲ. ಒಳಗೆ ಮುರಿದು ಉಳಿದ ಮೊಳೆಯೊಂದು ರಂದಾದ ಅಲಗನ್ನು ಕ್ಷಣದಲ್ಲಿ ಕೆಡಿಸುತ್ತದೆ, ಯಂತ್ರದ ಗರಗಸಕ್ಕೆ ಸಿಕ್ಕರೆ ಅಪಾಯವೇ ಸರಿ. ಹಳೆಯ ಸ್ಪೀಕರಿನಿಂದ ಬಿಚ್ಚಿದ ಆಯಸ್ಕಾಂತವನ್ನು ಮೈಯುದ್ದಕ್ಕೂ ಆಡಿಸಿದರೆ ಅದು ಎಳೆಯುವ ಕಡೆ ಮೊಳೆ ಇದೆಯೆಂದು ತಿಳಿಯುತ್ತದೆ. ತೂತುಗಳಿಂದ ಹೊಸ ಪುಡಿ ಉದುರುತ್ತಿದ್ದರೆ ಒಳಗೆ ಹುಳ ಜೀವಂತವಾಗಿದೆ ಎಂದರ್ಥ, ಅಂಥದ್ದನ್ನು ಮನೆಗೆ ತರಬಾರದು. ಹಸಿರು, ನೀಲಿ ಎಣ್ಣೆಬಣ್ಣ ಬಳಿದ ಹಳೆಯ ಬಾಗಿಲಿನ ತುಂಡುಗಳನ್ನಂತೂ ಅಡುಗೆಯ ವಸ್ತುವಿಗೂ ಆಟಿಕೆಗೂ ಬಳಸಲೇಬಾರದು. ಹಿಂದಿನ ಬಣ್ಣಗಳಲ್ಲಿ ಸೀಸ ಸಾಮಾನ್ಯವಾಗಿತ್ತು. ಉಜ್ಜಿ ತೆಗೆಯುತ್ತೇನೆಂದು ಹೊರಟರೆ ಆ ಧೂಳನ್ನು ನಾವೇ ಉಸಿರಾಡುತ್ತೇವೆ. ಹೊಗೆಗೆ ಕಪ್ಪಾದ ಅಡುಗೆಮನೆಯ ಜಂತಿಗೆ ಮಾತ್ರ ಹೆದರಬೇಕಾಗಿಲ್ಲ, ರಂದಾದ ಕೆಲವೇ ಸುತ್ತುಗಳಲ್ಲಿ ಮಸಿ ಹೋಗಿ ಒಳಗಿನ ಬಣ್ಣ ಹೊರಬರುತ್ತದೆ.

ಯಾವ ಮರ ಯಾವುದಕ್ಕೆ ಎಂಬುದನ್ನು ನಮ್ಮ ಹಿಂದಿನವರು ಒಕ್ಕಲುತನದ ಸಾಮಾನಿನಿಂದಲೇ ಕಲಿತಿದ್ದರು. ಬಂಡಿಯ ಗಾಲಿಗೂ ಕುಂಟೆಗೂ ಕರಿಜಾಲಿಯನ್ನೇ ಹುಡುಕುತ್ತಿದ್ದುದು ಅದು ಪೆಟ್ಟು ತಿಂದರೂ ಸೀಳುವುದಿಲ್ಲವೆಂದು. ಅದೇ ಗುಣದಿಂದ ಅದು ಲಟ್ಟಣಿಗೆಗೂ ಅಡುಗೆಯ ಹುಟ್ಟಿಗೂ ಒಳ್ಳೆಯದು. ಹುಣಸೆಯ ತಿರುಳು ಇನ್ನೂ ಗಟ್ಟಿ, ಮಾಂಸ ಕಡಿಯುವ ಕೊರಡಿಗೂ ಎಣ್ಣೆಯ ಗಾಣಕ್ಕೂ ಒದಗಿದ ಮರ ಅದು. ಉಳಿಗೆ ಬಗ್ಗುವುದು ಕಷ್ಟ, ಬಗ್ಗಿದ ಮೇಲೆ ಕಾಲಕಾಲಕ್ಕೂ ಬಾಳುತ್ತದೆ. ಸಾಗವಾನಿ ಕಡಿಮೆ ಹಿಗ್ಗಿ ಕುಗ್ಗುವ ಮರವಾದ್ದರಿಂದ ಪೆಟ್ಟಿಗೆಗೆ ಅದೇ ಸರಿ, ಆದರೆ ಅದರ ಮೈಯಲ್ಲಿ ಮರಳಿನಂಥ ಅಂಶವಿರುವುದರಿಂದ ಉಳಿಯನ್ನು ಮತ್ತೆ ಮತ್ತೆ ಸಾಣೆಗೆ ಹಿಡಿಯಬೇಕಾಗುತ್ತದೆ. ಬೇವು ಚೆನ್ನಾಗಿ ಕೆತ್ತಿಸಿಕೊಳ್ಳುತ್ತದೆ, ಬಾಚಣಿಗೆಗೆ ಹೇಳಿ ಮಾಡಿಸಿದ್ದು. ಪಾಯಸದ ಸೌಟಿಗೆ ಬೇಡ, ಕಹಿ ಬಿಡುತ್ತದೆ. ಮಾವು ಅಗ್ಗ, ಬೇಗ ಹುಳ ಹಿಡಿಯುತ್ತದೆ.

ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಮರವಿದೆ: ಬಳ್ಳಾರಿ ಜಾಲಿ. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆದು ರೈತರ ಬೈಗುಳ ತಿನ್ನುವ, ಕೊನೆಗೆ ಇಟ್ಟಿಗೆ ಭಟ್ಟಿಗೂ ಇದ್ದಿಲಿಗೂ ಹೋಗುವ ಈ ಮುಳ್ಳುಕಂಟಿಯ ತಿರುಳು ಕೆಂಪು-ಕಂದು ಬಣ್ಣದ, ಗಟ್ಟಿಯಾದ, ಒಣಗುವಾಗ ಬಹಳ ಕಡಿಮೆ ಕುಗ್ಗುವ ಕಟ್ಟಿಗೆ. ನೆಟ್ಟಗಿನ ಹಲಗೆ ಸಿಗುವುದಿಲ್ಲ, ಕಡಿಯುವಾಗ ಮುಳ್ಳು ಚುಚ್ಚಿದರೆ ದಿನಗಟ್ಟಲೆ ಉರಿಯುತ್ತದೆ. ಆದರೆ ತೋಳಿನ ದಪ್ಪದ ಕೊಂಬೆಯೊಂದರಿಂದ ಎರಡು ಲಟ್ಟಣಿಗೆ, ಕೆಲವು ಚಮಚ, ಉಳಿಗೊಂದು ಹಿಡಿ ಆರಾಮಾಗಿ ಬರುತ್ತವೆ. ಹೋಳಿಗೆ ಮಾಡುವ ಮನೆಗೆ ಬಳ್ಳಾರಿ ಜಾಲಿಯ ಲಟ್ಟಣಿಗೆ ಕೊಟ್ಟು, ಇದು ಯಾವ ಕಟ್ಟಿಗೆ ಹೇಳಿರೆಂದು ಕೇಳಿದರೆ ಶೀಸಂ ಎಂದೇ ಉತ್ತರ ಬರುತ್ತದೆ.

ಹೊಸದಾಗಿ ಕಲಿಯುವವರು ಮೊದಲು ಮಾಡಬೇಕಾದ ವಸ್ತು, ನನ್ನ ದೃಷ್ಟಿಯಲ್ಲಿ, ಪಾಯಸಕ್ಕೆ ಹಾಕುವ ಹಿಟ್ಟಿನ ಪರಡಿ-ಗವಲಿಗಳನ್ನು ಹೊಸೆಯುವ ಗೀರಿನ ಮಣೆ. ಅಂಗೈ ಅಗಲದ ಹಲಗೆಯ ಮೇಲೆ ಸಾಲಾಗಿ ಗೀರು ಕೊರೆದದ್ದು. ಹಿಟ್ಟಿನ ಸಣ್ಣ ಉಂಡೆಯನ್ನು ಅದರ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಎಳೆದರೆ ಮೈತುಂಬ ಗೆರೆ ಮೂಡಿದ ಸುರುಳಿಯಾಗಿ ಹೊರಳುತ್ತದೆ. ಮದುವೆಯ ಮುಂಚೆ ಹೆಂಗಸರೆಲ್ಲ ಕೂಡಿ ಕೂತು ಇವನ್ನು ಹೊಸೆಯುತ್ತಿದ್ದ ಮನೆಗಳಲ್ಲಿ ಈಗ ಮಣೆಗಳು ಕಾಣೆಯಾಗಿವೆ, ಪಾಯಸದ ಆಸೆ ಮಾತ್ರ ಉಳಿದಿದೆ. ಮಾಡುವ ರೀತಿ ಹೀಗೆ. ಮುಕ್ಕಾಲು ಇಂಚು ದಪ್ಪದ ಸಾಗವಾನಿ ಅಥವಾ ಜಾಲಿಯ ತುಂಡನ್ನು ಎರಡೂ ಕಡೆ ರಂದಾ ಹೊಡೆದು ಸಪಾಟು ಮಾಡಿ, ಎಳೆಯ ಗುಂಟ ಎರಡೆರಡು ಮಿಲಿಮೀಟರಿಗೆ ಒಂದರಂತೆ ಗುರುತು ಹಾಕಬೇಕು. ಗುರುತಿಗೆ ಸೀಸಕಡ್ಡಿಗಿಂತ ಚೂರಿಯ ತುದಿ ಒಳ್ಳೆಯದು, ಏಕೆಂದರೆ ಚೂರಿ ಮಾಡಿದ ಸೀಳಿನಲ್ಲಿ ಗರಗಸದ ಹಲ್ಲು ತಾನಾಗಿ ಕೂರುತ್ತದೆ. ನೆಟ್ಟಗಿನ ಪಟ್ಟಿಯೊಂದನ್ನು ಆಸರೆಗಿಟ್ಟುಕೊಂಡು ಸಣ್ಣ ಹಲ್ಲಿನ ಗರಗಸದಿಂದ ಒಂದು ಮಿಲಿಮೀಟರು ಆಳಕ್ಕೆ ಎಳೆದು, ಆಮೇಲೆ ಅಗಲ ಕಡಿಮೆಯಿರುವ ಉಳಿಯ ಮೂಲೆಯನ್ನು ಆ ಸೀಳಿನಲ್ಲಿ ಓಡಿಸಿದರೆ ಗೀರಿನ ಎರಡೂ ದಡ ಓರೆಯಾಗುತ್ತವೆ. ಇಲ್ಲಿ ಅವಸರ ಸಲ್ಲದು: ಎಳೆ ಎದುರು ಬಂದ ಕಡೆ ಉಳಿ ಜಿಗಿದು ದಡ ಕಿತ್ತುಕೊಂಡು ಬರುತ್ತದೆ, ಆ ಕಡೆ ಹಲಗೆಯನ್ನು ತಿರುಗಿಸಿಕೊಂಡು ಆಚೆಯ ತುದಿಯಿಂದ ಕೊರೆಯಬೇಕು. ಕೊನೆಗೆ ಪಾಲಿಶ್ ಕಾಗದವನ್ನು ಮಡಿಚಿ ಅದರ ಮಡಿಕೆಯನ್ನು ಪ್ರತಿ ಗೀರಿನಲ್ಲೂ ಆಡಿಸಬೇಕು. ಗೀರಿನೊಳಗೆ ಒಂದೇ ಒಂದು ಎಳೆ ಎದ್ದು ನಿಂತಿದ್ದರೂ ಹಿಟ್ಟು ಅಲ್ಲಿಯೇ ಅಂಟುತ್ತದೆ. ಆದ್ದರಿಂದ ಪರೀಕ್ಷೆಗೆ ಒಂದು ಹಿಡಿ ರವೆಯ ಹಿಟ್ಟು ನಾದಿ, ಕೆಲವು ಗವಲಿಗಳನ್ನು ಹೊಸೆದು ನೋಡಿಯೇ ಮುಂದುವರಿಯಬೇಕು. ನಮ್ಮ ಮನೆಯಲ್ಲಿ ಈ ಪರೀಕ್ಷೆಯ ಅಧಿಕಾರ ನನ್ನ ಹೆಂಡತಿಯದು, ಆಕೆ ಪಾಸು ಮಾಡದ ಮಣೆ ಮನೆಬಿಟ್ಟು ಹೊರಗೆ ಹೋಗುವುದಿಲ್ಲ.

ಬಳೆ-ಓಲೆಗಳನ್ನಿಡುವ ಪೆಟ್ಟಿಗೆ ಇದರ ಮುಂದಿನ ಮೆಟ್ಟಿಲು. ಜೋಡಣೆಯ ಬಗೆಗಳನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ, ಅವನ್ನು ಕೈಯಲ್ಲಿ ಹಿಡಿದೇ ಕಲಿಯಬೇಕು. ಎರಡು ಮಾತು ಮಾತ್ರ. ತಳದ ಹಲಗೆಯನ್ನೂ ಮುಚ್ಚಳದ ನಡುಹಲಗೆಯನ್ನೂ ನಾಲ್ಕೂ ಕಡೆ ಫೆವಿಕಾಲ್ ಹಾಕಿ ಕಚ್ಚಿಸಬಾರದು. ಚೌಕಟ್ಟಿನ ಒಳಗಾಲುವೆಯಲ್ಲಿ ಸಡಿಲವಾಗಿ ಕೂತು ಹಿಗ್ಗಲು, ಕುಗ್ಗಲು ಜಾಗವಿರಬೇಕು. ಎರಡನೆಯದು, ಒಳಗಿನ ಬಟ್ಟೆ. ಗುಳೇದಗುಡ್ಡದ ಖಣ ನಮ್ಮ ಜಿಲ್ಲೆಯದೇ ಆಗಿರುವಾಗ ಮಖಮಲ್ಲಿನ ಹಿಂದೆ ಹೋಗುವುದು ಏಕೆಂದು ನನಗೆ ತಿಳಿಯುವುದಿಲ್ಲ. ಖಣವನ್ನು ನೇರವಾಗಿ ಕಟ್ಟಿಗೆಗೆ ಅಂಟಿಸಿದರೆ ಅಂಟು ಬಟ್ಟೆಯಿಂದ ಹೊರಗೆ ಜಿನುಗಿ ಕಲೆಯಾಗುತ್ತದೆ. ಗಟ್ಟಿ ರಟ್ಟನ್ನು ತಳದ ಅಳತೆಗೆ, ಬಟ್ಟೆಯ ದಪ್ಪದಷ್ಟು ಚಿಕ್ಕದಾಗಿ ಕತ್ತರಿಸಿ, ಖಣವನ್ನು ಅದರ ಮೇಲೆ ಬಿಗಿಯಾಗಿ ಹಾಸಿ, ಅಂಚುಗಳನ್ನು ಹಿಂಬದಿಗೆ ಮಡಿಸಿ ಅಲ್ಲಿ ಮಾತ್ರ ಅಂಟಿಸಿ, ಒಟ್ಟಾಗಿ ಪೆಟ್ಟಿಗೆಯೊಳಗೆ ಕೂರಿಸಬೇಕು. ಖಣದ ದಡಿ ಮುಚ್ಚಳ ತೆರೆದ ಕೂಡಲೇ ಕಾಣುವಂತೆ ಮುಂದಿನ ಅಂಚಿಗೆ ಬಂದರೆ ಚೆಂದ. ಪೆಟ್ಟಿಗೆಯ ಒಳಮೈಗೆ ಎಣ್ಣೆ ಹಚ್ಚಬಾರದು, ಗಾಳಿಯಾಡದ ಕಡೆ ಅದರ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ಮಕ್ಕಳ ಆಟಿಕೆಯ ವಿಷಯದಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕದ ಬಣ್ಣದ ಹಣ್ಣು-ಗೊಂಬೆಗಳಿಗೂ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿಗೂ, ಬಾಣಂತನಕ್ಕೆ ತವರಿನಿಂದ ಹೋಗುವ ಕಲಘಟಗಿಯ ತೊಟ್ಟಿಲಿಗೂ ಹವ್ಯಾಸಿಗಳು ಸರಿಸಾಟಿಯಾಗಲು ಹೊರಡಬಾರದು, ಅವನ್ನು ಕೊಂಡೇ ಕೊಡಬೇಕು. ನಮಗೆ ಆಗುವುದು ಎತ್ತಿನ ಬಂಡಿ, ಬುಗುರಿ, ಅಳಗುಳಿ ಮಣೆಯಂಥವು. ಮೂರು ವರ್ಷದ ಒಳಗಿನ ಮಗುವಿಗಾದರೆ, ಸುಮಾರು 32 ಮಿಲಿಮೀಟರ್ ಅಡ್ಡಳತೆಯ ಕೊಳವೆಯಲ್ಲಿ ಜಾರಿ ಹೋಗುವ ಯಾವ ತುಂಡೂ ಆಟಿಕೆಯಿಂದ ಬಿಚ್ಚಿ ಬರಬಾರದು. ಗಂಟಲಿಗೆ ಸಿಗುವ ಅಳತೆ ಅದು. ಬಂಡಿಯ ಗಾಲಿಯ ಕೀಲು ಇಂಥ ಕಡೆಯೇ ಕೈಕೊಡುವುದರಿಂದ, ಅದನ್ನು ಅಂಟು ಹಾಕಿ ಬಿಗಿದು, ತುದಿಯನ್ನು ಗಾಲಿಯ ಮೈಗೆ ಸಮನಾಗಿ ಕತ್ತರಿಸಬೇಕು. ಏಳೇಳು ಕುಳಿಗಳ ಎರಡು ಸಾಲಿನ ಅಳಗುಳಿ ಮಣೆ ಅಜ್ಜಿ-ಮೊಮ್ಮಕ್ಕಳು ಕೂಡಿ ಆಡುವ ಆಟವಾದ್ದರಿಂದ ಒಳ್ಳೆಯ ಕೊಡುಗೆ. ಜೊತೆಗೆ ಹುಣಸೆ ಬೀಜದ ಚೀಲ ಕೊಡಿ. ನೋಡಲು ಚೆಂದವೆಂದು ಗುಲಗಂಜಿ ಕೊಡಬೇಡಿ, ಅದು ಜಗಿದರೆ ಜೀವಕ್ಕೆ ಅಪಾಯವಾಗುವಷ್ಟು ವಿಷ.

ಕೆಲಸದ ಕೊನೆಯ ಪಾಲು ಎಣ್ಣೆಯದು, ಜನ ಹೆಚ್ಚು ಎಡವುವುದೂ ಇಲ್ಲಿಯೇ. ನಮ್ಮ ಮನೆಗಳಲ್ಲಿ ಮೊದಲು ಕೈಗೆ ಸಿಗುವುದು ಶೇಂಗಾ ಎಣ್ಣೆ. ಅದು ಒಣಗುವ ಜಾತಿಯದಲ್ಲ. ಕಟ್ಟಿಗೆಯೊಳಗೆ ಹಸಿಯಾಗಿಯೇ ಉಳಿದು ಬರಬರುತ್ತ ಕಮಟು ವಾಸನೆ ಹೊಡೆಯುತ್ತದೆ. ನಾವು ಚಟ್ನಿಪುಡಿಗೆಂದು ಬೆಳೆಯುವ ಅಗಸಿಯ ಎಣ್ಣೆಯ ಗುಣವೇ ಬೇರೆ. ಅದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗಿ, ಎಳೆಗಳ ನಡುವೆ ನಿಂತುಬಿಡುತ್ತದೆ. ಕುಸುಬಿ ಎಣ್ಣೆಯೂ ಹೀಗೆಯೇ ಒಣಗುತ್ತದೆ, ಅಗಸಿಗಿಂತ ನಿಧಾನ, ಆದರೆ ಹಳದಿ ತಿರುಗುವುದು ಕಡಿಮೆ. ತಿಳಿಬಣ್ಣದ ಕಟ್ಟಿಗೆಗೆ ನಾನು ಅದನ್ನೇ ಬಳಸುತ್ತೇನೆ. ಗಾಣದಿಂದ ತಂದ ಶುದ್ಧ ಅಗಸಿ ಎಣ್ಣೆಯನ್ನು ತೆಳ್ಳಗೆ ಸವರಿ, ಅರ್ಧ ತಾಸಿನ ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆದು, ಹಲವು ದಿನ ಬಿಟ್ಟು ಮತ್ತೊಂದು ಕೈ ಹಚ್ಚಬೇಕು. ಹೀಗೆ ಮೂರು ಕೈ ಆಗಿ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕಾಗುವುದರಿಂದ, ದೀಪಾವಳಿಯ ವಸ್ತುವಿಗೆ ದಸರೆಯ ಮೊದಲೇ ಎಣ್ಣೆ ಬಿದ್ದಿರಬೇಕು. ಬಣ್ಣದ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ‘ಬಾಯ್ಲ್ಡ್’ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುತ್ತಾರೆ, ಅದು ಅಡುಗೆಯ ವಸ್ತುವಿಗೆ ಸಲ್ಲದು. ಎಚ್ಚರಿಕೆಯ ಮಾತು ಇನ್ನೊಂದಿದೆ: ಅಗಸಿ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ಆ ಶಾಖ ಒಳಗೇ ಕೂಡಿ ಬೆಂಕಿ ಹೊತ್ತಿಕೊಳ್ಳಬಹುದು. ರಂದಾ ಸುರುಳಿಗಳು ಹರಡಿ ಬಿದ್ದ ಜಾಗದಲ್ಲಿ ಮುಂದಿನದನ್ನು ಹೇಳಬೇಕಾಗಿಲ್ಲ. ಅರಿವೆಯನ್ನು ನೀರಿನಲ್ಲಿ ಅದ್ದಿಡಿ, ಇಲ್ಲವೆ ಒಂಟಿಯಾಗಿ ಹಗ್ಗದ ಮೇಲೆ ಹರವಿ ಒಣಗಿಸಿ.

ಅಷ್ಟು ಕಾಯಲಾರದವರಿಗೆ ಔಷಧದ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ. ಅದು ಒಣಗುವುದೂ ಇಲ್ಲ, ಕೆಡುವುದೂ ಇಲ್ಲ. ನಾಲ್ಕು ಪಾಲು ಅದಕ್ಕೆ ಒಂದು ಪಾಲು ಜೇನುಮೇಣ ಸೇರಿಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದರೆ ಮುಲಾಮಿನಂಥದ್ದು ಸಿದ್ಧವಾಗುತ್ತದೆ, ಮಣೆಗೂ ಲಟ್ಟಣಿಗೆಗೂ ಅದು ಸಾಕು. ಪೆಟ್ಟಿಗೆಗಾದರೆ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುವ ಪಾಲಿಶ್ ಇದೆ. ಹೊಳಪು ಚೆನ್ನಾಗಿ ಬರುತ್ತದೆ, ಬಿಸಿ ಚಹಾದ ಬಟ್ಟಲಿಟ್ಟರೆ ಮಾತ್ರ ಬಿಳಿಯ ವರ್ತುಲ ಮೂಡುತ್ತದೆ.

ಹಬ್ಬದ ಕಾಲದಲ್ಲಿ ಕಟ್ಟಿಗೆಯ ಉಡುಗೊರೆಯೆಂದು ಹೆಸರು ಕೊರೆದು ಮಾರುವ ತೆಳು ಹಲಗೆಗಳು ಹೆಚ್ಚಾಗಿ ಎಂಡಿಎಫ್. ಕಟ್ಟಿಗೆಯ ನಾರನ್ನು ರಾಳದಲ್ಲಿ ಕಲಸಿ ಒತ್ತಿದ್ದು. ಗೋಡೆಗೆ ತೂಗುಹಾಕಲು ಅಡ್ಡಿಯಿಲ್ಲ, ನೀರು ಬಿದ್ದ ಕಡೆ ಉಬ್ಬಿ ಬಿರಿಯುತ್ತದೆ. ಅದನ್ನು ಅಡುಗೆಮನೆಗೆ ಕೊಡುವವರ ಬಗ್ಗೆ ನನಗೆ ತಕರಾರಿದೆ.

ಹಿತ್ತಿಲಿನ ಮರವನ್ನೇ ಕಡಿದು ಮಾಡುತ್ತೇನೆಂದು ಹೊರಡುವವರು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ನೆನಪಿಡಬೇಕು; ಸಾಗವಾನಿ, ಬೀಟೆಯಂಥ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹಳೆಯ ಕಟ್ಟಿಗೆ ಕೊಂಡಾಗ ರಶೀದಿ ಇಸಿದುಕೊಳ್ಳುವುದು ಜಾಣತನ.

ಕೊಡುವಾಗ ಮಣೆಯ ಜೊತೆಗೆ ಒಂದು ಚೀಟಿ ಇಡುತ್ತೇನೆ. ತೊಳೆದ ಕೂಡಲೇ ಒರೆಸಿ ನಿಲ್ಲಿಸಿಡಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಬೇಡಿ, ಮೈ ಒಣಕಲಾಗಿ ಕಂಡಾಗ ಜೊತೆಗಿರುವ ಡಬ್ಬಿಯ ಮೇಣದೆಣ್ಣೆಯನ್ನು ಬಟ್ಟೆಯಿಂದ ಉಜ್ಜಿ, ಎಂದು ಅದರಲ್ಲಿ ಬರೆದಿರುತ್ತದೆ. ಚೀಟಿ ಕಳೆದುಕೊಂಡವರಿಗೆ ಮಣೆಯ ಹಿಂಬದಿಯಲ್ಲಿ ಕಟ್ಟಿಗೆಯ ಹೆಸರು, ವರ್ಷ, ಯಾವ ಊರಿನ ಯಾವ ಮನೆಯ ತೊಲೆ ಎಂಬ ವಿವರ ಕೊರೆದಿರುವುದರಿಂದ, ಫೋನ್ ಮಾಡಿ ಕೇಳಲು ಅನುಕೂಲವಾಗುತ್ತದೆ. ಪಂಚಮಿಗೆ ಬರುವವರಲ್ಲಿ ಕೆಲವರು ಹಿಂದಿನ ವರ್ಷದ ಮಣೆಯನ್ನೇ ಚೀಲದಲ್ಲಿಟ್ಟುಕೊಂಡು ಬಂದು, ಎಣ್ಣೆ ಹಚ್ಚಿ ಕೊಡೆಂದು ಹಿತ್ತಿಲಿಗೆ ಬರುತ್ತಾರೆ. ಆದ್ದರಿಂದ ಶ್ರಾವಣದಲ್ಲಿ ಒಂದು ಡಬ್ಬಿ ಮೇಣದೆಣ್ಣೆಯನ್ನು ಹೆಚ್ಚಿಗೇ ಮಾಡಿಡುತ್ತೇನೆ.